ಈಜಿಪ್ಟಿನ ಹಾಜರಿ ಪುಸ್ತಕ ಮತ್ತು ನಮ್ಮ ಕೇರಿಯ ಮಕ್ಕಳು

ಗೌನಿಪಲ್ಲಿ ಸುತ್ತಿನ ಒಂದು ಮಿಡ್ಲಿಸ್ಕೂಲು. ಜೂನ್ ತಿಂಗಳು, ಮಾವಿನಕಾಯಿ ಕೀಳೋ ಕಾಲ. ನಾಲ್ಕು ದಿನ ಬಾರದ ಎಂಟನೇ ತರಗತಿಯ ಹುಡುಗನನ್ನ ನಿಲ್ಲಿಸಿ, ಯಾಕೋ ಬರಲಿಲ್ಲ ಅಂತ ಕೇಳಿದೆ. 'ಕೂಲಿಕಿ ಪೋಯಿಂಟಿ ಸಾರ್' ಅಂದ. ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ. ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿದ. ನಾನು ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ನಾಲ್ಕು ಸಲ ಗೈರುಹಾಜರಿ ಹಾಕಿದೆ. ಕಾರಣ ಬರೆಯೋಕೆ ಅದರಲ್ಲಿ ಜಾಗವಿಲ್ಲ. ಆಮೇಲೆ ಬೋರ್ಡಿನ ಮೇಲೆ 'ಜಗತ್ತಿನ ಪ್ರಾಚೀನ ನಾಗರಿಕತೆಗಳು' ಅಂತ ಬರೆದು ಪಿರಮಿಡ್ಡಿನ ಎತ್ತರ, ದೊರೆಗಳ ಹೆಸರು ಉರು ಹೊಡೆಸಿದೆ. ಆ ಹುಡುಗ ತೂಕಡಿಸಿದ. ತಪ್ಪು ಅವನದಲ್ಲ, ನನ್ನ ಪಾಠದ್ದು.

ಆ ಪಾಠದೊಳಗೇ ಇನ್ನೊಂದು ಹಾಜರಿ ಪುಸ್ತಕವಿತ್ತು. ಅದು ನನಗೆ ಆಮೇಲೆ ಗೊತ್ತಾಯಿತು. ನೈಲ್ ನದಿಯ ಪಶ್ಚಿಮಕ್ಕೆ ದೇರ್ ಎಲ್ ಮದೀನಾ ಅನ್ನೋ ಊರು. ದೊರೆಗಳ ಗೋರಿ ಕೊರೆಯುವ ಕೆಲಸಗಾರರ ಊರು. ಅಲ್ಲಿ ಸಿಕ್ಕ ಒಂದು ಸುಣ್ಣಕಲ್ಲಿನ ಚಕ್ಕೆ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಎರಡನೇ ರಾಮ್ಸೆಸ್‌ನ 40ನೇ ವರ್ಷದ್ದು, ಅಂದರೆ ಈಗಿಗೆ ಸುಮಾರು 3,250 ವರ್ಷ ಹಿಂದಿನದು. ಅದರಲ್ಲಿ ಕೆಲಸಗಾರರ ಹೆಸರಿದೆ, ಬಾರದ ದಿನಗಳ ಲೆಕ್ಕವಿದೆ, ಕೆಂಪು ಮಸಿಯಲ್ಲಿ ಕಾರಣವಿದೆ. ಒಬ್ಬನಿಗೆ ಚೇಳು ಕಡಿದಿದೆ. ಒಬ್ಬನಿಗೆ ಕಾಯಿಲೆ. ಒಬ್ಬ ತಾಯಿಯ ಹೆಣಕ್ಕೆ ಬಟ್ಟೆ ಸುತ್ತಲು ಹೋಗಿದ್ದಾನೆ. ಇನ್ನೊಬ್ಬ ಮನೆಯಲ್ಲಿ ಬಿಯರ್ ಕಾಯಿಸುತ್ತಿದ್ದ. ದೊರೆಯ ಗುಮಾಸ್ತನಿಗೆ ಕೂಲಿಯವನ ಕಾರಣ ಬರೆಯೋಕೆ ಜಾಗವಿತ್ತು. ಸ್ವತಂತ್ರ ಭಾರತದ ಮೇಷ್ಟ್ರಾದ ನನಗೆ ಇರಲಿಲ್ಲ!

'ಈ ಮಕ್ಕಳಿಗೆ ಯಾಕ್ರೀ ಈಜಿಪ್ಟು, ಮೆಸಪೊಟೇಮಿಯ? ನಾಲ್ಕಕ್ಷರ ಇಂಗ್ಲಿಷ್ ಕಲಿಸಿ, ಹೊಟ್ಟೆಪಾಡಿಗಾಗುತ್ತೆ' ಅಂತ ಸ್ಟಾಫ್ ರೂಮಿನಲ್ಲಿ ಹೇಳೋರಿದ್ದಾರೆ. ಇಂಗ್ಲಿಷ್ ಬೇಕು, ಬೇಡ ಅಂದವರಾರು? ಆದರೆ ಕೇರಿಯ ಮಕ್ಕಳಿಗೆ ಹೊಟ್ಟೆಪಾಡಿನ ವಿದ್ಯೆ ಸಾಕು, ಜಗತ್ತಿನ ತಿಳಿವಳಿಕೆ ಉಳ್ಳವರ ಮಕ್ಕಳಿಗಿರಲಿ ಅನ್ನೋದು ಹಳೇ ಮನುವಿನ ಮಾತೇ, ಹೊಸ ಅಂಗಿ ತೊಟ್ಟು ಬಂದಿದೆ. 'ಹೊರದೇಶದ್ದು ಯಾಕೆ, ನಮ್ಮ ಸನಾತನ ವೈಭವ ಹೇಳಿ' ಅನ್ನೋರು ಇನ್ನೊಂದು ಕಡೆ. ಅವರು ಬೆಳಿಗ್ಗೆ ತಿಂದ ಮುದ್ದೆಯನ್ನ ಕೇಳಲಿ. ಕೋಲಾರ ಸೀಮೆಯನ್ನ ಸಾಕಿದ ರಾಗಿ ಪೂರ್ವ ಆಫ್ರಿಕಾದ ಬೆಟ್ಟಗಳ ಬೆಳೆ. ಆಫ್ರಿಕಾದ ರೈತರು ಪಳಗಿಸಿದ ಕಾಳು ಸಾವಿರಾರು ವರ್ಷ ಕೈಯಿಂದ ಕೈಗೆ ದಾಟಿ ನಮ್ಮ ತಟ್ಟೆಗೆ ಬಂತು. ಜಗತ್ತಿನ ಚರಿತ್ರೆ ನಮ್ಮ ಒಲೆಯ ಮೇಲೇ ಬೇಯುತ್ತಿದೆ.

2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆ ಅಂತ ರಾಜ್ಯವೆಲ್ಲ ಗದ್ದಲವಾಯಿತು. ಸರ್ಕಾರ ಬದಲಾಗಿ 2023ರಲ್ಲಿ ಕೆಲವು ಪಾಠ ತೆಗೆದರು, ಕೆಲವು ಸೇರಿಸಿದರು. ಯಾರ ಪಾಠ ಇರಬೇಕು ಅನ್ನೋ ಜಗಳ ಬೇಕಾದದ್ದೇ. ಆದರೆ ಇರುವ ಪಾಠವನ್ನ ಯಾರ ಕಡೆ ನಿಂತು ಓದಿಸಬೇಕು? ಇದನ್ನ ನಾವೂ ಕೇಳಲಿಲ್ಲ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನ ಬೂಸಾ ಅಂದದ್ದಕ್ಕೆ ಮಂತ್ರಿಗಿರಿ ಕಳೆದುಕೊಂಡರು. ಆ ಮಾತಿನಿಂದ ಎದ್ದ ಚಳವಳಿಯ ಮಕ್ಕಳಾದ ನಾವು, ತರಗತಿಯಲ್ಲಿ ದೊರೆಗಳ ಪಟ್ಟಿಯೆಂಬ ಬೂಸಾ ತಿನ್ನಿಸುತ್ತ ಕೂತಿದ್ದೇವಲ್ಲ, ನಾಚಿಕೆಯಾಗಬೇಡವೆ?

ಪಿರಮಿಡ್ಡಿನ ಪಾಠವನ್ನೇ ತಗೊಳ್ಳಿ. 1990ರಲ್ಲಿ ಗೀಜಾದಲ್ಲಿ ಒಂದು ಕುದುರೆ ಹಳೇ ಗೋಡೆಗೆ ಎಡವಿದ್ದರಿಂದ, ಪಿರಮಿಡ್ ಕಟ್ಟಿದ ಕೆಲಸಗಾರರ ಗೋರಿಗಳು ಬೆಳಕಿಗೆ ಬಂದವು. ದೊರೆಯ ಗೋರಿಯ ನೆರೆಯಲ್ಲೇ ಅವರನ್ನ ಮಣ್ಣು ಮಾಡಿದ್ದರು, ಜೊತೆಗೆ ರೊಟ್ಟಿ, ಬಿಯರಿನ ಮಡಕೆ ಇಟ್ಟಿದ್ದರು. ನಮ್ಮವರು ಸತ್ತರೆ ಹೂಳೋಕೆ ಎರಡು ಗುಂಟೆ ಸ್ಮಶಾನದ ಜಾಗಕ್ಕೆ ತಾಲ್ಲೂಕು ಕಚೇರಿಗೆ ಅರ್ಜಿ ಹಿಡಿದು ಅಲೀತಾರೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳಿ, ಯಾವ ಮಗು ತೂಕಡಿಸುತ್ತೆ ನೋಡೋಣ.

ಹಾಗಂತ ಆ ಕಾಲ ಸಮಾನತೆಯ ಕಾಲವಾಗಿರಲಿಲ್ಲ. 4,000 ವರ್ಷದ ಹಿಂದೆ ಮೆಸಪೊಟೇಮಿಯದ ಊರ್ ರಾಜ್ಯದ ಜೇಡಿಮಣ್ಣಿನ ಹಲಗೆಗಳಲ್ಲಿ ಕೂಲಿಯ ಲೆಕ್ಕವಿದೆ: ಗಂಡಾಳಿಗೆ ತಿಂಗಳಿಗೆ ಸುಮಾರು 60 ಲೀಟರ್ ಜವೆಗೋಧಿ, ಹೆಣ್ಣಾಳಿಗೆ 30. ಇಲ್ಲಿ ಸಮಾನ ವೇತನದ ಕಾಯಿದೆ 1976ರಲ್ಲೇ ಬಂತು. ತೋಟದ ಕೂಲಿಯಲ್ಲಿ ಗಂಡಾಳು, ಹೆಣ್ಣಾಳು ಅನ್ನೋ ಎರಡು ದರ ಹೋಯಿತೆ? ಮಕ್ಕಳೇ ತಮ್ಮ ಅವ್ವಂದಿರನ್ನ ಕೇಳಿಕೊಂಡು ಬರಲಿ. ಅದೇ ದೇರ್ ಎಲ್ ಮದೀನಾದಲ್ಲಿ, ಕ್ರಿಸ್ತಪೂರ್ವ 1157ರ ಸುಮಾರಿಗೆ, ಕೂಲಿಯ ಕಾಳು ಬಾರದೆ ಹಸಿದ ಕೆಲಸಗಾರರು ಹತಾರ ಇಟ್ಟು, ದೊರೆಗಳ ಗುಡಿಗಳ ಬಳಿ ಹೋಗಿ ಕೂತರು. ಬರಹದಲ್ಲಿ ಉಳಿದಿರುವ ಜಗತ್ತಿನ ಮೊದಲ ಮುಷ್ಕರ ಅದು. ಅಧಿಕಾರಿಗಳು ಕಾಳು ಕೊಡಲೇಬೇಕಾಯಿತು. ಧರಣಿ ಕೂರೋದನ್ನ ನಮಗೆ ಯಾರೋ ಮೊನ್ನೆ ಹೇಳಿಕೊಟ್ಟದ್ದಲ್ಲ ಅನ್ನೋದು ಮಕ್ಕಳಿಗೆ ಗೊತ್ತಾಗಲಿ.

ಮೇಷ್ಟ್ರುಗಳೇ, ಇದಕ್ಕೆ ಪ್ರೊಜೆಕ್ಟರ್ ಬೇಡ. ಹೊಲದಲ್ಲಿ ಬಿದ್ದಿರೋ ಬೋಕಿ ಆರಿಸಿ ತರಿಸಿ. ತಾವು ಸ್ಕೂಲಿಗೆ ಬಾರದ ದಿನದ ಕಾರಣವನ್ನ ಒಬ್ಬೊಬ್ಬರೂ ಅದರ ಮೇಲೆ ಬರೆಯಲಿ. ಆಮೇಲೆ ಅಂಗಳಕ್ಕೆ ಕರಕೊಂಡು ಹೋಗಿ. ಒಂದು ಹೆಜ್ಜೆಗೆ ನೂರು ವರ್ಷ. ಈಜಿಪ್ಟಿನ ಆ ಹಾಜರಿ ಪಟ್ಟಿಗೆ ಸುಮಾರು 33 ಹೆಜ್ಜೆ. ಅಸ್ಪೃಶ್ಯತೆ ಹುಟ್ಟಿದ್ದು ಕ್ರಿಸ್ತಶಕ 400ರ ಸುಮಾರಿಗೆ ಅಂತ ಬಾಬಾಸಾಹೇಬರು 1948ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಅಲ್ಲಿಗೆ ಬರೀ 16 ಹೆಜ್ಜೆ. ಪಂಡಿತರು ವಾದ ಮಾಡಲಿ, ಮಕ್ಕಳೂ ಮಾಡಲಿ. ಆದರೆ ಅನಾದಿ ಅಂತ ಹೇಳಿಕೊಂಡು ಬಂದದ್ದಕ್ಕೂ ಒಂದು ಹುಟ್ಟಿದ ವರ್ಷವಿದೆಯೇ ಅಂತ ಕೇಳಬಹುದು ಅನ್ನೋದು ಆ ಹುಡುಗನ ಕಾಲಿಗೇ ತಿಳಿಯುತ್ತೆ. ಹುಟ್ಟಿದ್ದು ಸಾಯಲೂಬೇಕು. ಅಸ್ಪೃಶ್ಯತೆಯನ್ನ ಅಳಿಸಿದ ಸಂವಿಧಾನದ 17ನೇ ವಿಧಿ ಜಾರಿಗೆ ಬಂದದ್ದು 1950ರಲ್ಲಿ. ಅಲ್ಲಿಂದ ಇನ್ನೂ ಒಂದು ಹೆಜ್ಜೆ ಪೂರ್ತಿಯಾಗಿಲ್ಲ.

ಈ ಪಾಠ ಮಾಡಿದ ದಿನ ಅದೇ ಹುಡುಗ ಎದ್ದು ನಿಂತ. 'ಸಾರ್, ಹಂಗಾದ್ರೆ ನನ್ನ ಕಾರಣಾನೂ ಬರ್ಕೊಳ್ಳಿ' ಅಂದ. ಹಾಜರಿ ಪುಸ್ತಕದ ಅಂಚಿನಲ್ಲಿ, ಕೆಂಪು ಮಸಿಯಲ್ಲಿ ಬರೆದೆ: ಕೂಲಿಗೆ ಹೋಗಿದ್ದ.

ಇನ್ಸ್‌ಪೆಕ್ಷನ್ನಿಗೆ ಬಂದವರು ಏನ್ರೀ ಇದು ಅಂತ ಕೇಳಲಿ. ಚರಿತ್ರೆ ಅಂತ ಹೇಳ್ತೇನೆ.