ಕಾಲುವೆಯ ಲಾಭ ಮತ್ತು ಬರೆಯದ ಲೆಕ್ಕ

ಅಭಿವೃದ್ಧಿಯ ಚರ್ಚೆ ಬಂದಾಗಲೆಲ್ಲ ಅಮೆರಿಕದ ಉದಾಹರಣೆ ನೀಡುವುದು ನಮ್ಮಲ್ಲೊಂದು ರೂಢಿಯಾಗಿಬಿಟ್ಟಿದೆ. ಖಾಸಗಿ ಬಂಡವಾಳವೇ ಆ ದೇಶವನ್ನು ಕಟ್ಟಿತು, ಸರಕಾರ ದೂರ ನಿಂತಿತು ಎಂಬ ವಾದವನ್ನು ಅನೇಕರು ಪ್ರಶ್ನಿಸದೆ ಒಪ್ಪಿಕೊಂಡಿದ್ದಾರೆ. ಆದರೆ ಈರಿ ಕಾಲುವೆಯ ಇತಿಹಾಸ ಹೇಳುವುದು ಬೇರೆಯದನ್ನೇ.

ಸ್ವತಂತ್ರ ಅಮೆರಿಕಕ್ಕೆ ಆಗಿನ್ನೂ ಎಳೆಯ ಪ್ರಾಯ. ಒಳನಾಡಿನ ಧಾನ್ಯವನ್ನು ಗಾಡಿಯಲ್ಲಿ ಕರಾವಳಿಗೆ ಸಾಗಿಸಿದರೆ ಬಾಡಿಗೆಯೇ ಬೆಲೆಯನ್ನು ನುಂಗುತ್ತಿತ್ತು. ಹಾಗೆ ದಿವಾಳಿಯಾದ ಜೆಸ್ಸಿ ಹಾಲಿ ಎಂಬ ಹಿಟ್ಟಿನ ವ್ಯಾಪಾರಿ ಸಾಲಗಾರರ ಸೆರೆಮನೆಯಿಂದಲೇ 1807ರಲ್ಲಿ ಪತ್ರಿಕೆಗೆ ಲೇಖನಮಾಲೆ ಬರೆಯತೊಡಗಿ, ಕಾಲುವೆಯ ಅಗತ್ಯವನ್ನು ಜನರ ಮುಂದಿಟ್ಟರು. ಅಧ್ಯಕ್ಷ ಜೆಫರ್ಸನ್ ಅದನ್ನು ಹುಚ್ಚುತನವೆಂದೇ ಬಗೆದರು. ಕಾಲುವೆ, ರಸ್ತೆಗಳಿಗೆ ಕೇಂದ್ರದ ಹಣ ಒದಗಿಸುವ ಮಸೂದೆಯನ್ನು 1817ರಲ್ಲಿ ಅಧ್ಯಕ್ಷ ಮ್ಯಾಡಿಸನ್ ತಿರಸ್ಕರಿಸಿದರು. ಕೊನೆಗೆ ನ್ಯೂಯಾರ್ಕ್ ರಾಜ್ಯವೇ ಗವರ್ನರ್ ಡಿವಿಟ್ ಕ್ಲಿಂಟನ್‌ರ ನೇತೃತ್ವದಲ್ಲಿ ಸಾಲವೆತ್ತಿ, ಅದೇ ವರ್ಷದ ಜುಲೈ 4ರಂದು ಕೆಲಸ ಆರಂಭಿಸಿತು. ವಿರೋಧಿಗಳು ಅದನ್ನು ಕ್ಲಿಂಟನ್‌ರ ಚರಂಡಿ ಎಂದು ಗೇಲಿ ಮಾಡಿದರು.

1825ರ ಅಕ್ಟೋಬರ್‌ನಲ್ಲಿ 363 ಮೈಲಿ ಉದ್ದದ ಕಾಲುವೆ ಪೂರ್ಣಗೊಂಡಿತು. ತಗಲಿದ ವೆಚ್ಚ ಸುಮಾರು 70 ಲಕ್ಷ ಡಾಲರ್. ಬಫಲೋದಿಂದ ನ್ಯೂಯಾರ್ಕ್ ನಗರಕ್ಕೆ ಒಂದು ಟನ್ ಸರಕು ಸಾಗಿಸಲು ಬೇಕಾಗಿದ್ದ ಸುಮಾರು 100 ಡಾಲರ್ 10ರ ಆಸುಪಾಸಿಗೆ ಇಳಿಯಿತು. ರೋಚೆಸ್ಟರ್ ಹಿಟ್ಟಿನ ಗಿರಣಿಗಳ ನಗರವಾಯಿತು. ನ್ಯೂಯಾರ್ಕ್ ದೇಶದ ಪ್ರಧಾನ ಬಂದರಾಗಿ ನೆಲೆಯೂರಿತು. ಸುಂಕದ ಆದಾಯದಿಂದಲೇ 1837ರ ವೇಳೆಗೆ ಕಾಲುವೆಯ ಮೂಲ ಸಾಲ ತೀರಿತು. 1882ರಲ್ಲಿ ಸುಂಕವನ್ನೇ ರದ್ದುಪಡಿಸಲಾಯಿತು. ಖಾಸಗಿ ಬಂಡವಾಳ ಹೊರಲಾರದ ಭಾರವನ್ನು ಸರಕಾರ ಹೊತ್ತರೆ ಫಲ ಸಮಾಜಕ್ಕೆ ದೊರೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷಿ ಬೇಕಿಲ್ಲ.

ಆದರೆ ಫಲ ಎಲ್ಲರಿಗೂ ದೊರೆಯಿತೇ? ಆ ಕಾಲುವೆಯನ್ನು ತೋಡಿದವರಲ್ಲಿ ಬಹಳಷ್ಟು ಮಂದಿ ಐರ್ಲೆಂಡಿನಿಂದ ವಲಸೆ ಬಂದ ಬಡ ಕೂಲಿಗಳು. 1819ರಲ್ಲಿ ಮಾಂಟೆಜುಮಾ ಜೌಗುಪ್ರದೇಶದಲ್ಲಿ ಸಾವಿರದಷ್ಟು ಕಾರ್ಮಿಕರು ಜ್ವರದಿಂದ ಹಾಸಿಗೆ ಹಿಡಿದರು. ಅನೇಕರು ಸತ್ತರು. ಕಾಲುವೆ ಹರಿದ ನೆಲ ಇರೊಕ್ವಾ ಮೂಲನಿವಾಸಿಗಳದ್ದಾಗಿತ್ತು. ಅವರ ಕೈಯಿಂದ ಭೂಮಿ ಜಾರಿ ಹೋಗುವ ಪ್ರಕ್ರಿಯೆಯನ್ನು ಕಾಲುವೆ ಇನ್ನಷ್ಟು ತ್ವರಿತಗೊಳಿಸಿತು. ಸುಂಕದ ಪುಸ್ತಕದಲ್ಲಿ ಈ ನಷ್ಟಕ್ಕೆ ಒಂದು ಸಾಲಿನ ಜಾಗವೂ ಇರಲಿಲ್ಲ.

ಹಾಗೆಂದು ಕಾಲುವೆಯನ್ನೇ ನಿರಾಕರಿಸಬೇಕೆಂದಲ್ಲ. ಅದು ಲಕ್ಷಾಂತರ ಜನರ ಬದುಕನ್ನು ಹಸನುಗೊಳಿಸಿದ್ದು ದಿಟ. ಆದರೆ ಸಾಲಕೊಟ್ಟವರ ಹಣ ಬಡ್ಡಿ ಸಮೇತ ಹಿಂದಿರುಗಿತು. ನೆಲ ಕಳಕೊಂಡವರ, ಪ್ರಾಣ ಕೊಟ್ಟವರ ಸಾಲವನ್ನು ತೀರಿಸಿದವರು ಯಾರು? ಅಭಿವೃದ್ಧಿಯ ಪ್ರತಿಯೊಂದು ಯೋಜನೆಯನ್ನೂ ಅಳೆಯಬೇಕಾದದ್ದು ಈ ಪ್ರಶ್ನೆಯಿಂದಲೇ.