ಮ್ಯಾಕೋ, ವಿಂಡೋಸೋ?

ಸೃಜನಶೀಲ ಕೆಲಸಕ್ಕೆ ಮ್ಯಾಕ್ ಒಂದೇ ಗತಿ ಎಂಬ ಮಾತು ನಮ್ಮ ಸಾಹಿತಿಗಳ ಬಾಯಲ್ಲೂ ಕೇಳಿಬರುತ್ತದೆ. ಚಿತ್ರಕಾರರೋ ಸಂಗೀತಗಾರರೋ ಹಾಗೆಂದರೆ ನನ್ನ ತಕರಾರಿಲ್ಲ. ಅವರ ಕಣ್ಣು, ಕಿವಿ ಅವರವು. ಪುಟ ಕಟ್ಟುವವರಿಗೂ ಹಳೆಯ ನಂಟಿದೆ: ಪೇಜ್‌ಮೇಕರ್ 1985ರಲ್ಲಿ ಮೊದಲು ಬಂದದ್ದು ಮ್ಯಾಕಿಗೇ. ಆದರೆ ಕನ್ನಡದಲ್ಲಿ ಬರೆಯುವವನು ಈ ಗಿಳಿಪಾಠ ಒಪ್ಪಿಸುವುದೆಂದರೇನು? ವಿಂಡೋಸ್ ಎಕ್ಸ್‌ಪಿಯೊಡನೆ 2001ರಲ್ಲೇ ತುಂಗಾ ಎಂಬ ಕನ್ನಡ ಫಾಂಟು ಬಂದಿತು. ಮ್ಯಾಕ್ ತನ್ನೊಡನೆ ಕನ್ನಡದ ಫಾಂಟುಗಳನ್ನು ತಂದದ್ದು 2011ರಲ್ಲಿ! ಹತ್ತು ವರ್ಷ ನಮ್ಮ ಲಿಪಿಯನ್ನು ಹೊಸ್ತಿಲಾಚೆ ನಿಲ್ಲಿಸಿದ ಯಂತ್ರವನ್ನು ಪ್ರತಿಭೆಯ ತವರುಮನೆಯೆಂದು ಕೊಂಡಾಡಬೇಕೆ?

ಹಾಗೆಂದು ವಿಂಡೋಸಿನ ಪಕ್ಷದವರು ಹಿಗ್ಗಬೇಕಾಗಿಲ್ಲ. ಎಲ್ಲ ಯಂತ್ರಗಳೂ ಒಪ್ಪುವ ಯೂನಿಕೋಡ್ ಸಂಕೇತಗಳಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿತ್ತು. ಆಮೇಲೂ ವರ್ಷಗಟ್ಟಲೆ ಅವರಲ್ಲಿ ಬಹುಮಂದಿ ಹಳೆಯ ಫಾಂಟುಗಳಲ್ಲೇ ಕುಟ್ಟಿದರು. ಆ ಫಾಂಟು ಇಲ್ಲದ ಕಡೆ ಕಡತ ತೆರೆದರೆ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಕಾದಂಬರಿಯೋ ಕಷಾಯದ ಪಟ್ಟಿಯೋ ಬ್ರಹ್ಮನಿಗೂ ತಿಳಿಯದು. ಎಷ್ಟು ಜನರ ಎಷ್ಟು ವರ್ಷಗಳ ಬರವಣಿಗೆ ಹೀಗೆ ಕೊಳೆಯುತ್ತಿದೆಯೋ!

ನಾನು ಬರೆಯುವುದು ವಿಂಡೋಸಿನಲ್ಲಿ. ಅದು ಕೈಗೆ ಒಗ್ಗಿದ ಅಭ್ಯಾಸ, ಅಷ್ಟೆ; ಅದಕ್ಕೊಂದು ಮಡಿಯಿಲ್ಲ. ಕವಿಮಿತ್ರರು ಸೇಬಿನ ಗುರುತಿನ ಯಂತ್ರದಲ್ಲೇ ಬರೆಯಲಿ. ಅವರ ಕವಿತೆ ಯೂನಿಕೋಡಿನಲ್ಲಿದ್ದರೆ ನನ್ನ ಯಂತ್ರದಲ್ಲೂ ಕನ್ನಡವಾಗಿಯೇ ತೆರೆದುಕೊಳ್ಳುತ್ತದೆ. ಜಗಳಕ್ಕೆ ವ್ಯಯಿಸುವ ಸಂಜೆಗಳಲ್ಲಿ ಒಂದನ್ನು ಎರಡೂ ಪಕ್ಷದವರು ತಮ್ಮ ಹಳೆಯ ಕಡತಗಳಿಗೆ ಕೊಡಲಿ. ಅವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆಯಾಗಿ ದೊರೆಯುತ್ತವೆ. ಒತ್ತಕ್ಷರ, ಅರ್ಕಾವೊತ್ತುಗಳನ್ನು ಮಾತ್ರ ಕಣ್ಣಿಟ್ಟು ಓದಿ ತಿದ್ದಿಕೊಳ್ಳಬೇಕು.