ಶಾಲು ಹೊದಿಸುವ ಫೋಟೊ ಸಾಕು

ಪ್ರತಿ ವರ್ಷ ಸೆಪ್ಟೆಂಬರ್ 23ರಂದು ನಾಡಿನಲ್ಲಿ ಪೌರಕಾರ್ಮಿಕರ ದಿನಾಚರಣೆ ನಡೆಯುತ್ತದೆ. ವೇದಿಕೆ, ಹಾರ, ಶಾಲು, ಫೋಟೊ. ಮರುದಿನ ಅಚ್ಚಾಗುವ ಚಿತ್ರದ ಕೆಳಗೆ ಶಾಲು ಹೊದಿಸಿದ ಗಣ್ಯರ ಹೆಸರುಗಳು ಸಾಲಾಗಿ ಇರುತ್ತವೆ. ಹೊದಿಸಿಕೊಂಡ ತಾಯಿ ಮಾತ್ರ ಬರೀ ‘ಪೌರಕಾರ್ಮಿಕರು’. ಬಂಧುಗಳೇ, ಇದು ಯಾರಿಗೆ ಮಾಡಿದ ಸನ್ಮಾನ?

ಕ್ಯಾಮೆರಾ ಬೇರೆ ರೀತಿಯಲ್ಲೂ ನೋಡಬಲ್ಲದು. ಮದುರೈ ಕಡೆಯ ಎಂ. ಪಳನಿ ಕುಮಾರ್ ಮೀನು ಮಾರುವ ತಾಯಿಯ ಮಗ. 2013ರಲ್ಲಿ ಸಾಲ ಮಾಡಿ ಮೊದಲ ಕ್ಯಾಮೆರಾ ಕೊಂಡರು. 2017ರ ‘ಕಕ್ಕೂಸ್’ ಸಾಕ್ಷ್ಯಚಿತ್ರಕ್ಕೆ ಛಾಯಾಗ್ರಾಹಕರಾದರು. ಮಲಗುಂಡಿಗೆ ಇಳಿದು ಸತ್ತವರ ಮನೆಗಳಿಗೆ ಹೋಗಿ, ಉಳಿದ ಹೆಂಡತಿ ಮಕ್ಕಳ ಬದುಕನ್ನು ಚಿತ್ರಿಸಿದರು. 2022ರಲ್ಲಿ ಮೊದಲ ದಯಾನಿತಾ ಸಿಂಗ್–ಪರಿ ಪ್ರಶಸ್ತಿ ಅವರಿಗೆ ಬಂತು. ಅವರಿಗಿಂತ ಮೊದಲೇ ಸುಧಾರಕ ಓಲ್ವೆ ಮುಂಬಯಿಯ ಸಫಾಯಿ ಕಾರ್ಮಿಕರ ನಡುವೆ ಇದೇ ಕೆಲಸ ಮಾಡಿದ್ದರು.

ಪಳನಿ ಕ್ಯಾಮೆರಾ ಕೊಂಡ 2013ರಲ್ಲೇ ಸಂಸತ್ತು ಮಲಹೊರುವ ಪದ್ಧತಿಯನ್ನು ನಿಷೇಧಿಸುವ ಹೊಸ ಕಾಯ್ದೆ ಮಾಡಿತು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಕೆಲಸವೇ ನಿಂತಿದ್ದರೆ ಸಾವಿನ ಪರಿಹಾರ ಏರಿಸುವ ಪ್ರಸಂಗ ಏಕೆ ಬರುತ್ತಿತ್ತು? ಕಾಗದದಲ್ಲಿ ಮುಗಿದ ಪದ್ಧತಿ ನೆಲದಲ್ಲಿ ಮುಗಿದಿಲ್ಲ ಎಂಬುದಕ್ಕೆ ಈ ಚಿತ್ರಗಳು ಸಾಕ್ಷಿ. ‘ನಮ್ಮಲ್ಲಿ ಅಂಥದ್ದು ಇಲ್ಲ’ ಎನ್ನುವ ಬಾಯಿಗೆ ಇವು ಬೀಗ.

‘ಹೊಲಸನ್ನು ತೋರಿಸಿ ಆ ಜನರ ಮಾನ ಏಕೆ ಕಳೆಯುತ್ತೀರಿ?’ ಎಂದು ಕೆಲವರು ಕೇಳುತ್ತಾರೆ. ಮಾನ ಕಳೆದದ್ದು ಚಿತ್ರವಲ್ಲ. ಮನುಷ್ಯನನ್ನು ಗುಂಡಿಗೆ ಇಳಿಸಿದ ವ್ಯವಸ್ಥೆ, ಇಳಿಯುವವರು ಯಾವ ಜಾತಿಯವರೆಂದು ಮೊದಲೇ ಗೊತ್ತುಮಾಡಿಟ್ಟ ಸಮಾಜ. ಆದರೆ ಆ ಪ್ರಶ್ನೆಯಲ್ಲಿ ಒಂದು ಎಚ್ಚರವೂ ಇದೆ. ಒಪ್ಪಿಗೆ ಕೇಳದೆ, ಹೆಸರು ಕೇಳದೆ, ಕಾರಿನ ಕಿಟಕಿಯಿಂದ ತೆಗೆದ ಬಡತನದ ಚಿತ್ರ ಕಳವಿನ ಮಾಲು. ಪಳನಿ ಕುಮಾರ್ ಸಫಾಯಿ ಕಾರ್ಮಿಕರ, ಮೀನುಗಾರರ ಮಕ್ಕಳಿಗೇ ಕ್ಯಾಮೆರಾ ಕಲಿಸುತ್ತಿರುವುದು ಅದಕ್ಕಾಗಿ ದೊಡ್ಡದು. ತಮ್ಮ ಬೀದಿ, ತಮ್ಮ ಅವ್ವ, ತಮ್ಮ ನಗು ಹೇಗೆ ಕಾಣಬೇಕೆಂದು ಆ ಮಕ್ಕಳೇ ತೀರ್ಮಾನಿಸುತ್ತಾರೆ. ಅಲ್ಲಿ ಕರುಣೆ ಬೇಡುವ ಮುಖಗಳಷ್ಟೇ ಇರುವುದಿಲ್ಲ, ಬದುಕುವ ಮುಖಗಳಿರುತ್ತವೆ.

ಕಾಯಕದ ಬಗ್ಗೆ ಭಾಷಣ ಮಾಡಿ ಕಾಯಕಜೀವಿಯ ಹೆಸರನ್ನೇ ಕೇಳದಿರುವುದು ನಮಗೆ ಶೋಭೆಯಲ್ಲ. ಆದ್ದರಿಂದ ಮಠಗಳಿಗೂ ಸಂಘ ಸಂಸ್ಥೆಗಳಿಗೂ ನಮ್ಮ ಒತ್ತಾಯ ಇಷ್ಟು: ಪ್ರಸಾದ ನಿಲಯದ ಗೋಡೆಗಳಲ್ಲಿ ದಾನಿಗಳ ಭಾವಚಿತ್ರಗಳ ಪಕ್ಕ ಊರು ಗುಡಿಸುವವರ ಚಿತ್ರಗಳಿಗೂ ಜಾಗವಿರಲಿ, ಕೆಳಗೆ ಅವರ ಹೆಸರಿರಲಿ. ಶಾಲು ಹಾರಕ್ಕೆ ಸುರಿಯುವ ಹಣದಲ್ಲಿ ಅವರ ಮಕ್ಕಳಿಗೆ ಒಂದು ಕ್ಯಾಮೆರಾ ಕೊಡಿಸಿ. ಅವರು ತೆಗೆದು ತಂದ ಚಿತ್ರದಲ್ಲಿ ನಮ್ಮ ಓಣಿಯ ತೆರೆದ ಗುಂಡಿ ಕಂಡರೆ ಮುಖ ತಿರುಗಿಸಬೇಡಿ. ನಗರಸಭೆಯ ಬಾಗಿಲಿಗೆ ಆ ಚಿತ್ರವನ್ನೇ ಹಿಡಿದು ನಡೆಯಿರಿ.